ನೆಗ್ಗಿದ ಡಬ್ಬಿಯ ಬೀಜ

ಮೊರದಲ್ಲಿ ಉಳ್ಳಾಗಡ್ಡಿ ಬೀಜ ಕೇರುತ್ತಿದ್ದೆ. ಒಣಗಿದ ಹೂವಿನ ಗೊಂಡೆಗಳನ್ನು ಅಂಗೈಯಲ್ಲಿ ತಿಕ್ಕಿದರೆ ಕರಿ ಬೀಜ ಉದುರುತ್ತವೆ. ಹೊಟ್ಟು ಗಾಳಿಗೆ ಹಾರಿ, ಸೊಸೆ ಮುಮ್ತಾಜಬಿ ಒಣಹಾಕಿದ್ದ ಸೀರೆಯ ಮೇಲೆ ಕೂರುತ್ತಿತ್ತು. ಬಯ್ಯಲು ಬಂದಳೇನೋ ಎಂದುಕೊಂಡೆ. ಅವಳ ಕೈಯಲ್ಲಿ ಬೀಜದ ಡಬ್ಬಿಯಿತ್ತು.

"ಅಮ್ಮಾ, ಡಬ್ಬಿ ತೊಳಿಯಾಕ ತಗೊಂಡ್ರ ಒಳಗ ನಿಮ್ಮ ಪತ್ರ! ಇನ್ನೂ ಕಳಿಸಿಲ್ಲೇನ್ರಿ?"

"ಪತ್ರಾನೂ ತೊಳದೇನ?"

"ಇಲ್ರಿ, ತೆಗದಿಟ್ಟೇನಿ. ಎರಡು ವರ್ಷಾತು. ಇನ್ನ ಅದಕ್ಕೂ ಮೊಳಕಿ ಬರಾಂಗಿಲ್ಲ ಬಿಡ್ರಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಪತ್ರ ಕಾಗಿನೆಲೆಯಲ್ಲಿರುವ ನನ್ನ ಅಕ್ಕ ರಹಿಮತಬಿಗೆ. ನಾನು ಆಪಾ ಎನ್ನುತ್ತೇನೆ. ನಮ್ಮಿಬ್ಬರ ಮದುವೆಯಲ್ಲೂ ತಾಯಿ ತನ್ನ ಹೊಲದ ಬೀಜವನ್ನು ಅರಿವೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಚಪ್ಪಟೆ ಗಡ್ಡೆ, ತಿಳಿಗೆಂಪು. ತಿಪ್ಪೆಗೊಬ್ಬರ, ಒಲೆಯ ಬೂದಿ ಬಿಟ್ಟರೆ ಏನನ್ನೂ ಕೇಳುವುದಿಲ್ಲ. ದೀಪಾವಳಿಗೆ ಕಿತ್ತು ಬಿದಿರು ತಟ್ಟಿಯ ಮೇಲೆ ಗಾಳಿಗಿಟ್ಟರೆ ಯುಗಾದಿ ದಾಟಿದರೂ ಕೊಳೆಯುವುದಿಲ್ಲ. ಆಪಾ ಅದನ್ನು ಸಿಪ್ಪೆಸಮೇತ ಕೆಂಡದಲ್ಲಿ ಸುಟ್ಟು, ಸುಲಿದು, ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಜಜ್ಜಿ, ಬಿಸಿ ರೊಟ್ಟಿಗೆ ಹಚ್ಚಿ ಕೊಡುತ್ತಿದ್ದಳು. ಆ ರುಚಿ ನನ್ನ ಕೈಗೆ ಬರಲೇ ಇಲ್ಲ.

ಒಂದು ವರ್ಷ ಅಕಾಲದ ಮಳೆಗೆ ಅವಳ ಹೂವೆಲ್ಲ ಕೊಳೆತವು. ಬೀಜಕ್ಕೆ ನನ್ನಲ್ಲಿಗೆ ಬಂದಳು. ಉಳ್ಳಾಗಡ್ಡಿ ಬೀಜಕ್ಕೆ ಒಂದೇ ವರ್ಷದ ಜೀವ. ನನ್ನಲ್ಲಿ ಎರಡು ಡಬ್ಬಿಗಳಿದ್ದವು. ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಚೆಲ್ಲಲು ಮನಸ್ಸಾಗದೆ ಉಳಿದ ಹಳೆಯದು. ನನ್ನ ಯಜಮಾನರು ಚೀಟಿ ಅಂಟಿಸಿ ಇಸವಿ ಬರೆದಿದ್ದರು, ಆದರೆ ಅವರು ಊರಲ್ಲಿರಲಿಲ್ಲ, ನನಗೆ ಓದಲು ಬರುತ್ತಿರಲಿಲ್ಲ. ನೆಗ್ಗಿದ ಡಬ್ಬಿಯಲ್ಲಿರುವುದೇ ಹೊಸದೆಂಬ ನೆನಪಿನ ಮೇಲೆ ಅದರಿಂದ ಕೊಟ್ಟೆ.

ಆಪಾನ ಮಡಿಯಲ್ಲಿ ಒಂದೂ ಮೊಳೆಯಲಿಲ್ಲ. ನಮ್ಮ ಗುತ್ತಲದ ಓಣಿಯಲ್ಲಿ ನಿಂತು, "ಹೊಸಾದು ನೀ ಇಟಗೊಂಡು ನನಗ ಹಳೇದು ಕೊಟ್ಟಿ" ಎಂದಳು. ನಾನು ಅಲ್ಲಾನ ಆಣೆ ಹಾಕಿದೆ. ಸಾಲದ್ದಕ್ಕೆ, "ನಿನಗ ನೀರು ಹಾಕಾಕ ಬರಾಂಗಿಲ್ಲ" ಎಂದೂ ಅಂದೆ. ಅಂದಿನಿಂದ ಅವಳು ಈದ್‌ಗೂ ಬರಲಿಲ್ಲ. ತಾಯಿಯ ಬೀಜ ಅವಳ ಮನೆಯಲ್ಲಿ ಅಳಿಯಿತು.

ಐದು ವರ್ಷದ ಮೇಲೆ ರಾತ್ರಿ ಶಾಲೆ ಸೇರಿದೆ. ಅಂಕಿ ಕಲಿತ ವಾರ ಕಂಡದ್ದನ್ನೆಲ್ಲ ಓದಿದೆ. ಕ್ಯಾಲೆಂಡರು, ಬಸ್ಸಿನ ಟಿಕೇಟು, ಕೊನೆಗೆ ಆ ಡಬ್ಬಿಗಳ ಮೇಲೆ ಹಾಗೇ ಉಳಿದಿದ್ದ ಹಳೆಯ ಚೀಟಿ. ನೆಗ್ಗಿದ್ದರ ಮೇಲೆ ೧೯೮೫. ನೆಟ್ಟಗಿದ್ದದ್ದರ ಮೇಲೆ ೧೯೮೭.

ಅಕ್ಷರ ಕೂಡಿಸಲು ಬಂದ ಕೂಡಲೇ, ತಪ್ಪು ನನ್ನದೆಂದು ಪತ್ರ ಬರೆದೆ. ಕಳಿಸಲು ಧೈರ್ಯ ಬರಲಿಲ್ಲ.

"ಅಕ್ಕಾರ, ಬೀಜ ಕೊಡ್ರಿ, ಬಸ್ಸಿನ ಹೊತ್ತಾತು." ಬಾಗಿಲಲ್ಲಿ ನೆರೆಮನೆಯ ಗುಡದಪ್ಪ ನಿಂತಿದ್ದ. ಹಾವೇರಿ ಮೇಲೆ ಕಾಗಿನೆಲೆಯ ಮಗಳ ಮನೆಗೆ ಹೊರಟಿದ್ದನಂತೆ.

"ನಿನಗ ಯಾರು ಹೇಳಿದ್ರೊ?"

ಗುಡದಪ್ಪ ಮುಮ್ತಾಜಬಿಯ ಕಡೆ ನೋಡಿದ. ಅವಳು ಸೀರೆ ಝಾಡಿಸತೊಡಗಿದಳು.

"ಬೀಜ ಅಷ್ಟ ಒಯ್ಯಪ್ಪಾ" ಎಂದೆ.

"ಬೀಜ ಅಷ್ಟ ಹೋದ್ರ, ಇದೂ ಹಳೇದ ಅಂತ ಕೋಳಿಗೆ ಹಾಕ್ತಾರ" ಎಂದಳು ಸೊಸೆ.

"ಆಪಾಗ ಓದಾಕ ಬರಾಂಗಿಲ್ಲವ್ವಾ. ಮೊಮ್ಮಗಳು ಎಲ್ಲಾರ ಮುಂದ ಓದ್ತಾಳ."

"ನೀವು ಆಣಿ ಹಾಕಿದ್ದೂ ಎಲ್ಲಾರ ಮುಂದನ ಅಲ್ಲೇನ್ರಿ?"

ಗುಡದಪ್ಪ ಚಪ್ಪಲಿಯ ತುದಿ ನೋಡುತ್ತ ನಿಂತ.

ಒಳಗೆ ಹೋಗಿ ಗಡಿಗೆಯ ಬದಿಯಲ್ಲಿಟ್ಟಿದ್ದ ಒದ್ದೆ ಬಟ್ಟೆ ಬಿಚ್ಚಿದೆ. ಮೊದಲು ಕೇರಿದ ಬೀಜದಿಂದ ಇಪ್ಪತ್ತನ್ನು ವಾರದ ಹಿಂದೆ ಮೊಳಕೆಗೆ ಕಟ್ಟಿದ್ದೆ. ಹದಿನೆಂಟಕ್ಕೆ ಬಿಳಿ ಬೇರು ಬಂದಿತ್ತು. ಪತ್ರದ ಕೆಳಗೆ ಪೆನ್ಸಿಲ್‌ನಿಂದ ಬರೆದೆ: "ಆಪಾ, ಇದು ಈ ವರ್ಷದ್ದು, ೧೯೯೪. ಇಪ್ಪತ್ತರಲ್ಲಿ ಹದಿನೆಂಟು ಮೊಳೆತಿವೆ. ನಾನೇ ಓದಿ, ನಾನೇ ಕಟ್ಟಿದ್ದೇನೆ. ನೀರು ಹಾಕಲು ನಿನಗೆ ಚೆನ್ನಾಗಿ ಬರುತ್ತದೆ."

ಬೀಜದ ಗಂಟಿನೊಳಗೆ ಪತ್ರ ಇಟ್ಟು ಕಟ್ಟಿ ಕೊಟ್ಟೆ. ಗುಡದಪ್ಪ ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ನಡೆದ. ಕರೆದು ಪತ್ರವನ್ನಾದರೂ ವಾಪಸು ಇಸಿದುಕೊಳ್ಳೋಣವೆಂದು ಬಾಯಿ ತೆರೆದೆ. ಹಾರಿ ಬಂದ ಹೊಟ್ಟು ಗಂಟಲಿಗೆ ಹೊಕ್ಕಿತು. ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಹಾವೇರಿ ಬಸ್ಸು ಹೊರಟ ಸದ್ದು ಕೇಳಿಸಿತು.