ಸಲಾಂ ಹೊಡಿಸ್ಕೊಳ್ಳೋ ಲ್ಯಾಪ್‌ಟಾಪ್

ನನ್ನ ಮೈದುನ ಅಂಬಾದಾಸ ಹೈಟೆಕ್ ಸಿಟಿಯ ದೊಡ್ಡ ಕಂಪನಿಯಾಗ ಕೆಲಸಕ್ಕಿದ್ದ. ಒಳಗಲ್ರೀ, ಗೇಟಿನ್ಯಾಗ. ಬಂದವರ ಬ್ಯಾಗ್ ತೆಗಿಸಿ, ಲ್ಯಾಪ್‌ಟಾಪ್ ಬೋರಲು ಹಾಕಿ, ಬೆನ್ನ ಮ್ಯಾಲಿನ ನಂಬರ್ ರಿಜಿಸ್ಟರಿನ್ಯಾಗ ಬರ್ಕೊಳ್ಳೋದು ಅವನ ಡ್ಯೂಟಿ. ದಿನಾ ನಾಕ್ನೂರು ಲ್ಯಾಪ್‌ಟಾಪ್ ಮುಟ್ಟತಿದ್ದ, ಒಂದನ್ನೂ ತೆರೆದು ನೋಡಿದ್ದಿಲ್ಲ. ಆದ್ರ ನಮ್ಮ ಸನತ್‌ನಗರದ ಗಲ್ಲ್ಯಾಗ ಅವನೇ ಕಂಪ್ಯೂಟರ್ ಪಂಡಿತ.

ಅದು ಎರಡು ಸಾವಿರದ ಆರು. ಯಾರ ಬಾಯಾಗ ಕೇಳಿದ್ರೂ ಐಟಿ ಐಟಿ. ನಾನೂ ಅಮೀರ್‌ಪೇಟದ ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಹೋಗಿ, ಅಮೆರಿಕದ ಡಾಕ್ಟರು ರೋಗಿ ಬಗ್ಗೆ ಗೊಣಗಿದ್ದನ್ನ ಕೇಳಿ ಟೈಪ್ ಮಾಡೋದು ಕಲ್ತೆ. ಒಂದು ಕಂಪನಿಯವರು ಮನ್ಯಾಗ ಕೂತು ಮಾಡೋ ಕೆಲಸ ಕೊಟ್ರು. ಶರತ್ತು ಒಂದ. ಸ್ವಂತ ಲ್ಯಾಪ್‌ಟಾಪ್ ಶನಿವಾರ ಐದರೊಳಗ ತಂದು ತೋರಿಸಬೇಕು, ಇಲ್ಲಂದ್ರ ಆ ಕೆಲಸ ಮುಂದಿನಾಕಿಗೆ. ಮದುವ್ಯಾಗಿ ಹನ್ನೆರಡು ವರ್ಷ ಊಟದ ಡಬ್ಬಿ ಕಟ್ಟೇ ಕಟ್ಟೀನಿ, ಈ ಕೆಲಸ ನನಗ ಭಾಳ ಬೇಕಾಗಿತ್ತು.

"ನಿನಗೇನು ತಿಳೀತೈತಿ? ಅಂಬಾದಾಸ ಅದಾನಲ್ಲ," ಅಂದ್ರು ನಮ್ಮ ಮನಿಯವ್ರು. ಪಂಡಿತರಿಗೆ ಶನಿವಾರ ಮಧ್ಯಾಹ್ನ ಬಿಟ್ರ ಸೂಟಿ ಇಲ್ಲ. ಹಿಂಗಾಗಿ ಮೂವರೂ ಸಿಕಂದರಾಬಾದಿನ ಅಂಗಡಿ ಮುಟ್ಟಿದಾಗ ಮೂರು ಹೊಡೆದಿತ್ತು.

ಅಂಬಾದಾಸ ಒಂದೊಂದನ್ನ ಎತ್ತಿ, ತಿರುವಿ, ಬೆನ್ನು ನೋಡಿ ಇಟ್ಟ. ಅಂಗಡಿಯವ "ಮುಂದಿನಿಂದ ನೋಡ್ರಿ ಭಾಯ್" ಅಂತ ಹಿಂದಿಯೊಳಗ ಅಂದ್ರೂ ಕೇಳಲಿಲ್ಲ. ಕಡೀಕ ಬೆಳ್ಳಿ ಬಣ್ಣದ ತೆಳ್ಳಂದು ಒಂದನ್ನ ಎದಿಗೆ ಅವಚಿಕೊಂಡ.

"ವೈನಿ, ಇದು ನಮ್ಮ ದೊಡ್ಡ ಸಾಹೇಬ್ರು ತರೋದು. ಗೇಟಿಗೆ ಬಂದ್ರ ಎದ್ದು ನಿಂತು ಸಲಾಂ ಹೊಡೀತೀವಿ."

ನಾ ಬೆರಳಿಟ್ಟು ನೋಡಿದೆ. ಗುಂಡಿ ಒಂದೊಂದೂ ತೊಗರಿಕಾಳಿನಷ್ಟು. ಒಂದು ಒತ್ತಿದ್ರ ಎರಡು ಬೀಳತಿದ್ವು.

"ಗುಂಡಿ ಭಾಳ ಸಣ್ಣ ಅದಾವ್ರಿ. ದಿನಾ ಎಂಟು ತಾಸು ಬಡಿಯೋದು ಹೆಂಗ?"

"ರೂಢಿ ಆಗ್ತೈತಿ ಬಿಡು," ಅಂದ್ರು ಮನಿಯವ್ರು. ರೂಢಿ ಆಗಬೇಕಾದದ್ದು ಅವರ ಬೆರಳಲ್ಲ ನೋಡ್ರಿ! ನಾಕು ಹೊಡೀತು. ಅಂಗಡಿಯವ ಆಗಲೇ ಡಬ್ಬಿಗೆ ತುಂಬಾಕತ್ತಿದ್ದ. ನಾ ಸಿಟ್ಟಿಲೆ ಮೈದುನನ ಕಡೆ ತಿರುಗಿದೆ.

"ಅಂಬಾದಾಸ, ನಿಮ್ಮ ಸಾಹೇಬ್ರು ಎಷ್ಟಕ್ಕ ಬರ್ತಾರಪಾ?"

"ಹನ್ನೊಂದಕ್ಕ."

"ಹೋಗೋದು?"

"ನಾಕಕ್ಕ. ದೊಡ್ಡವರಲ್ಲೇನ್ರಿ."

"ಮುಂಜಾನೆ ಎಲ್ಲಾರಕಿಂತ ಮೊದಲು ಒಳಗ ಹೋಗಿ, ಎಲ್ಲಾರಕಿಂತ ಕಡೀಕ ಹೊರಗ ಬರೋ ಲ್ಯಾಪ್‌ಟಾಪ್ ಯಾವುದು?"

ಅದಕ್ಕ ವಿಚಾರ ಮಾಡೋ ಗರಜೇ ಬೀಳಲಿಲ್ಲ ಅವಗ. ಕೆಳಗಿನ ಹಲಗಿ ಮ್ಯಾಲಿದ್ದ ಕರೇದು, ದಪ್ಪಂದು ತೋರಿಸಿದ. "ಅದರಿ. ದುಡಿಯೋ ಹುಡುಗ್ಯಾರು ತರ್ತಾರ. ವರ್ಷಾನುಗಟ್ಲೆ ಅದೇ ನಂಬರ್, ಕೆಡೋದೇ ಇಲ್ಲ ಹಾಳಾದ್ದು. ಆದ್ರ ಅಂಥವರನ್ನ ಯಾರು ನೋಡ್ತಾರ ವೈನಿ? ನಾ ತಲೀನೂ ಎತ್ತಂಗಿಲ್ಲ."

ಅದರ ಗುಂಡಿ ಮ್ಯಾಲೆ ಕೈ ಇಟ್ಟೆ. ಹತ್ತೂ ಬೆರಳಿಗೆ ಜಾಗಾ ಸಿಕ್ತು.

"ಇದನ್ನ ಕೊಡ್ರಿ," ಅಂದೆ.

"ಹುಚ್ಚಿ ಏನು?" ಅಂದ್ರು ಮನಿಯವ್ರು. "ಇದನ್ನ ಹಿಡ್ಕೊಂಡು ಹೋದ್ರ ನಿನ್ನ ಯಾರು ನೋಡ್ತಾರ?"

"ಹನ್ನೆರಡು ವರ್ಷ ಆತು," ಅಂದೆ, "ನೀವು ನೋಡೀರೇನ್ರಿ?"

ಅವರು ಕಿಸೆದಾಗಿಂದ ರೊಕ್ಕ ತೆಗೆದು ಎಣಿಸಾಕ ಹತ್ತಿದ್ರು. ಅಂಬಾದಾಸ ಬಿಲ್ ಬರೆಯೋ ಪೆನ್ನು ನೋಡಕೋತ ನಿಂತ. ನಾ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಓಡಿ ಆಟೋ ಹತ್ತಿದೆ. ಹೆಗಲು ಜಗ್ಗೋವಷ್ಟು ವಜ್ಜಿ ಇತ್ತು. ಐದಕ್ಕ ಇನ್ನೂ ಹತ್ತು ಮಿನಿಟು ಇರತ್ಲೇ ಕಂಪನಿ ಮುಟ್ಟಿದೆ.