ಬಚ್ಚಲೊಲೆಯ ಗ್ರಾಫ್

ಎ.ಸಿ. ಗಾಳಿ ನೇರ ಕತ್ತಿನ ಹಿಂದಕ್ಕೇ ಬೀಳುತ್ತಿದೆ, ಸೆರಗು ಎಳೆದುಕೊಂಡರೆ ಕೊರಳಿನ ಗುರುತಿನ ಚೀಟಿ ತಿರುಗಿಬೀಳುತ್ತದೆ, ಮತ್ತೆ ನೆಟ್ಟಗೆ ಮಾಡುತ್ತೇನೆ, ಸುಪ್ರಿಯಾ ವೀರಪ್ಪ, ಶಿವಮೊಗ್ಗ, ಇಂಡಿಯಾ — ಊರಿನ ಪಕ್ಕದಲ್ಲಿ ದೇಶದ ಹೆಸರು, ಶಿವಮೊಗ್ಗದಲ್ಲೇ ಕೂತವಳಿಗೆ ಅದನ್ನು ಓದಿದರೆ ಯಾಕೋ ನಗು ಬರುತ್ತದೆ, ಪಕ್ಕದ ಕುರ್ಚಿಯವಳ ಚೀಟಿಯಲ್ಲಿ ಒಯೂನ್, ಉಲಾನ್‌ಬಾತರ್, ಮಂಗೋಲಿಯಾ ಎಂದಿದೆ, ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಕಡುಬು ತೋರಿಸಿ ಇದು ಸಿಹಿಯೋ ಖಾರವೋ ಎಂದು ಕೇಳಿದ್ದಳು, ಎರಡೂ ಅಲ್ಲ ಎಂದದ್ದಕ್ಕೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಿದ್ದಳು. ಸಮ್ಮೇಳನದ ವೇದಿಕೆಯ ಮೇಲೆ ಪೋರ್ಚುಗಲ್ಲಿನವರೊಬ್ಬರು ಮರುಭೂಮಿಯ ಧೂಳು ಸಮುದ್ರ ದಾಟುವುದನ್ನು ವಿವರಿಸುತ್ತಿದ್ದಾರೆ, ಅವರಾದ ಮೇಲೆ ಇನ್ನೊಬ್ಬರು, ಅವರಾದ ಮೇಲೆ ನಾನು, ಸಮುದ್ರವೂ ಇಲ್ಲ ಮರುಭೂಮಿಯೂ ಇಲ್ಲ, ಭದ್ರಾವತಿಯ ಒಂದು ಚಾವಣಿ, ಆರು ವರ್ಷದ ಧೂಳು, ಹದಿನೆಂಟು ಸ್ಲೈಡು. ಮುಂದಿನ ಸಾಲಿನಲ್ಲಿ ನರಸಿಂಹಮೂರ್ತಿ ಸರ್ ಅವರ ಬೆನ್ನು ಕಾಣುತ್ತಿದೆ, ಬಿಳಿ ಅಂಗಿ, ಇಸ್ತ್ರಿಯ ಗೆರೆ ಕೂಡ ಅಲುಗುತ್ತಿಲ್ಲ, ನನ್ನ ಮಾರ್ಗದರ್ಶಕರು, ಬರುವ ವರ್ಷ ನಿವೃತ್ತಿ, ಬೆಳಿಗ್ಗೆ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸುವ ಮೊದಲೇ ಹೇಳಿದರು, ಆ ಹದಿನೇಳನೇ ಸ್ಲೈಡು ಹಾಗೇ ಇರ್ಲಿ ಸುಪ್ರಿಯಾ, ಇವತ್ತೊಂದಿನ ಹೊಸ ಕಥೆ ಬೇಡ. ಹದಿನೇಳನೇ ಸ್ಲೈಡಿನಲ್ಲಿ ಒಂದು ಗೆರೆ, ನಾಲ್ಕು ವರ್ಷ ಮೇಲುಮೇಲೇ ಓಡಾಡಿ, ಎರಡು ವರ್ಷದ ಹಿಂದಿನ ಜನವರಿಯಲ್ಲಿ ಮೆಟ್ಟಿಲು ತಪ್ಪಿದ ಹಾಗೆ ಧಡಕ್ಕನೆ ಕೆಳಗಿಳಿಯುತ್ತದೆ, ಆಮೇಲೆ ಏಳುವುದೇ ಇಲ್ಲ — ಭದ್ರಾವತಿಯ ಗಾಳಿ ತಿಳಿಯಾಯಿತು, ಲಾರಿಗಳ ಓಡಾಟ ಕಡಿಮೆಯಾದದ್ದೇ ಕಾರಣ, ಸರ್ ಅದನ್ನೇ ಎರಡು ಪ್ರಬಂಧಗಳಲ್ಲಿ ಬರೆದಿದ್ದಾರೆ, ಅದನ್ನೇ ನಂಬಿ ಇನ್ನೂ ಹತ್ತು ಚಾವಣಿಗಳಿಗೆ ಧೂಳು ಅಳೆಯುವ ಯಂತ್ರ ಬರುವುದಿದೆ, ಆ ಹತ್ತನ್ನೂ ನೋಡಿಕೊಳ್ಳುವ ಕೆಲಸ ನನ್ನದೇ ಎಂದು ಮಾತಾಗಿದೆ. ಪರ್ಸಿನಲ್ಲಿ ಪೆನ್‌ಡ್ರೈವ್, ಅದರೊಳಗೆ ಎರಡು ಕಡತ, ಒಂದರಲ್ಲಿ ಗೆರೆಯ ಕೆಳಗೆ ಲಾರಿಗಳು, ಇನ್ನೊಂದರಲ್ಲಿ ನಿಜ.

ಚಾವಣಿ ಆರಿಸಿದವಳೂ ನಾನೇ ಅಲ್ಲವೇ, ಬೇರೆ ಯಾರನ್ನು ದೂರಲಿ, ಯಂತ್ರಕ್ಕೆ ಹಗಲೂ ರಾತ್ರಿ ಕರೆಂಟು ಕೊಡುವವರು ಬೇಕಿತ್ತು, ಕೋತಿ ಓಡಿಸುವವರು ಬೇಕಿತ್ತು, ಭದ್ರಾವತಿ ನ್ಯೂ ಟೌನಿನ ಮನೆಯಲ್ಲಿ ಅಪ್ಪ ನಾನಿದ್ದೀನಲ್ಲ ಮಾರಾಯ್ತಿ ಅಂದರು, ಅಷ್ಟೇ ಸಾಕಾಯಿತು, ಸರ್ ಒಮ್ಮೆ ಬಂದು ಜಾಗ ನೋಡಬೇಕಿತ್ತು, ಬರುತ್ತೇನೆ ಎಂದವರು ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಸೋಮವಾರ ಮತ್ತು ಗುರುವಾರ ಶಿವಮೊಗ್ಗದ ವಿನೋಬನಗರದಿಂದ ಬಸ್ಸು, ಇಳಿದು ನಡಿಗೆ, ಹದಿನಾಲ್ಕು ಮೆಟ್ಟಿಲು, ಚಿಮಟದಲ್ಲಿ ಧೂಳು ಹಿಡಿಯುವ ಬಿಳಿ ಕಾಗದದ ಬಿಲ್ಲೆ ಒಳಗೆ, ಬೂದು ಬಿಲ್ಲೆ ಹೊರಗೆ, ಮದುವೆಯಾಗಿ, ಅದು ಮುರಿದು, ಏಳು ವರ್ಷ ಅಪ್ಪನ ಮನೆಯ ಕಿಟಕಿಯ ಪಕ್ಕ ಏನೂ ಮಾಡದೆ ಕೂತಿದ್ದವಳಿಗೆ ಆ ಬಿಲ್ಲೆ ಬದಲಿಸುವ ಕೆಲಸ ಎಷ್ಟು ದೊಡ್ಡದು ಎಂದು ಯಾರಿಗೆ ಹೇಳಲಿ, ಕೊಟ್ಟವರು ಸರ್, ಸಂದರ್ಶನದಲ್ಲಿ ಈ ಏಳು ವರ್ಷ ಏನು ಮಾಡ್ತಿದ್ದೆ ಎಂದು ಕೇಳದೇ ಇದ್ದವರು ಅವರೊಬ್ಬರೇ. ಹೋದ ಸೋಮವಾರ ಬಿಲ್ಲೆ ತೆಗೆಯುತ್ತಿದ್ದೆ, ಮೋಟು ಗೋಡೆಯಾಚೆ ಪಕ್ಕದ ಮನೆಯ ರೋಶನ್ ಬೀ ಚಾಚಿ ಬಟ್ಟೆ ಹರವುತ್ತಿದ್ದರು, ನಾನು ಹುಟ್ಟಿದಾಗಿನಿಂದ ಆ ಗೋಡೆಯಾಚೆ ಇರುವವರು, ಬೇಟಿ, ನಿನ್ನ ಮಿಶಿನ್ ಏನನ್ನತ್ತೆ ಅಂತ ಕೇಳಿದರು, ಗಾಳಿ ಚೆನ್ನಾಗಿದೆ ಅನ್ನತ್ತೆ ಚಾಚಿ, ಎರಡು ವರ್ಷದಿಂದ ಚೆನ್ನಾಗಿದೆ ಅಂದೆ, ಅನ್ನದೆ ಏನು, ನಮ್ಮ ಬಚ್ಚಲೊಲೆ ಒಡೆಸಿ ಎರಡು ವರ್ಷ ಆಯ್ತಲ್ಲ, ನನ್ನ ಕೆಮ್ಮೂ ಹೋಯ್ತು, ಎಂದು ದಿಂಬಿನ ಕವರು ಝಾಡಿಸಿದರು. ಚಿಮಟ ಅಲ್ಲೇ ನಿಂತಿತು. ಯಾವ ತಿಂಗಳು ಚಾಚಿ ಒಲೆ ಒಡೆಸಿದ್ದು? ನಮ್ಮ ರುಬೀನಾ ಮದುವೆ ಆಯ್ತಲ್ಲ, ಮುಂದಿನ ತಿಂಗಳೇ, ಅಳಿಯ ಬಂದು ಸೋಲಾರ್ ಹಾಕಿಸಿದ, ಜನವರಿ. ಜನವರಿ, ಜನವರಿ, ಬಸ್ಸಿನಲ್ಲಿ ವಾಪಸು ಬರುವಾಗ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ, ನನಗೆ ಕೇಳಿಸಿದ್ದು ಅದೊಂದೇ ಪದ.

ಯಂತ್ರದ ಪಕ್ಕದಲ್ಲೇ ಒಂದು ಪುಟ್ಟ ಪೆಟ್ಟಿಗೆ ಗಂಟೆಗೊಂದು ಅಂಕಿ ಬರೆದಿಡುತ್ತದೆ, ನಾವು ಯಾವತ್ತೂ ದಿನದ ಸರಾಸರಿ ತೆಗೆದು ಗಂಟೆಗಳನ್ನು ಮುಚ್ಚಿಡುತ್ತಿದ್ದೆವು, ಅವತ್ತು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಆ ಗಂಟೆಗಳನ್ನೆಲ್ಲ ಬಿಡಿಸಿದೆ, ಹೇಗೆ ಹೇಳುವುದು, ಸೀರೆಯ ಮಡಿಕೆ ಬಿಡಿಸಿದ ಹಾಗೆ ಬಿಚ್ಚಿಕೊಂಡಿತು. ಬೆಳಿಗ್ಗೆ ಐದರಿಂದ ಎಂಟು, ಗುಡ್ಡದಂಥ ಏರು, ನಾಲ್ಕು ವರ್ಷವೂ ಪ್ರತಿದಿನ, ಆ ಜನವರಿಯ ಮೇಲೆ ಗುಡ್ಡವೇ ಇಲ್ಲ, ಲಾರಿಗಳು ಓಡುವ ಮಧ್ಯಾಹ್ನ ಸಂಜೆಯ ಅಂಕಿ ಮೊದಲು ಹೇಗಿತ್ತೋ ಈಗಲೂ ಹಾಗೇ. ಶುಕ್ರವಾರ ಮಾತ್ರ ಹನ್ನೊಂದು ಗಂಟೆಗೆ ಇನ್ನೊಂದು ಸಣ್ಣ ಗುಡ್ಡ — ಚಾಚಿಯ ಗಂಡ ಅಬ್ಬಾಸ್ ಅಲಿ ಚಾಚಾ ಗ್ಯಾರೇಜಿನಿಂದ ಬಂದು ನಮಾಜಿಗೆ ಮೊದಲು ಸ್ನಾನ ಮಾಡುವ ಹೊತ್ತು, ಒಲೆ ಹೊತ್ತಿಸಲು ಹಳೇ ಟ್ಯೂಬಿನ ಚೂರು, ಮೇಲೆ ಅಡಿಕೆ ಸಿಪ್ಪೆ, ಆ ರಬ್ಬರಿನ ವಾಸನೆಗೇ ನಾನು ಚಿಕ್ಕವಳಾಗಿದ್ದಾಗ ಎದ್ದು ಸ್ಕೂಲಿಗೆ ಹೊರಡುತ್ತಿದ್ದದ್ದು. ರಂಜಾನ್ ತಿಂಗಳಲ್ಲಿ, ಉಪವಾಸಕ್ಕೆ ಮುಂಚಿನ ಊಟಕ್ಕೆ ಏಳುವುದರಿಂದ, ಗುಡ್ಡ ಎರಡು ಗಂಟೆ ಹಿಂದಕ್ಕೆ, ಮೂರಕ್ಕೇ ಸರಿಯುತ್ತದೆ, ಮುಂದಿನ ವರ್ಷ ಅದೇ ಹಿನ್ಸರಿತ ಹತ್ತು ಹನ್ನೊಂದು ದಿನ ಮುಂಚೆ ಶುರುವಾಗುತ್ತದೆ, ಅದರ ಮುಂದಿನ ವರ್ಷ ಮತ್ತೂ ಮುಂಚೆ, ಲಾರಿಗಳಿಗೆ ಚಂದ್ರನ ಲೆಕ್ಕ ಎಲ್ಲಿ ಗೊತ್ತು. ರುಬೀನಾ ಮದುವೆಯ ವಾರದ ನಾಲ್ಕು ದಿನ ಗೆರೆ ಆಕಾಶಕ್ಕೆ ಹೋಗಿದೆ, ನೆಂಟರಿಗೆಲ್ಲ ನೀರು ಕಾಯಿಸಿದ್ದು, ಅವತ್ತು ನಾನೂ ಅಲ್ಲಿ ಮೆಹಂದಿ ಹಾಕಿಸಿಕೊಂಡು ಕೂತಿದ್ದೆ, ಮುಂದಿನ ವಾರ ಶಿವಮೊಗ್ಗಕ್ಕೆ ಬಂದು ಅದೇ ಕೈಯಲ್ಲಿ ಆ ನಾಲ್ಕು ದಿನಗಳನ್ನು ಯಂತ್ರದ ದೋಷ ಎಂದು ಅಳಿಸಿದ್ದೆ. ಆರು ವರ್ಷ ನಾವು ಅಳೆದದ್ದು ಊರಿನ ಗಾಳಿಯಲ್ಲ, ಐದಡಿ ದೂರದ ಒಂದು ಮನೆಯ ಬಚ್ಚಲು, ಅವರ ಶುಕ್ರವಾರ, ಅವರ ಉಪವಾಸ, ಅವರ ಮಗಳ ಮದುವೆ.

ಸರ್ ಅದನ್ನೆಲ್ಲ ಬಹಳ ಹೊತ್ತು ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಇದನ್ನ ಯಾರಿಗಾದ್ರೂ ತೋರಿಸಿದ್ಯಾ, ಇಲ್ಲ ಸರ್, ಸಮ್ಮೇಳನ ಮುಗೀಲಿ, ಆಮೇಲೆ ನಿಧಾನಕ್ಕೆ ತಿದ್ದೋಣ — ಬೈಯಲಿಲ್ಲ, ಬೈದಿದ್ದರೆ ಸುಲಭವಿತ್ತು, ಆ ನಿಧಾನಕ್ಕೆ ಎಂಬ ಪದವನ್ನು ನಾಲ್ಕು ದಿನದಿಂದ ತಿರುವಿ ತಿರುವಿ ನೋಡುತ್ತಿದ್ದೇನೆ. ನಿಧಾನಕ್ಕೆ ಎಂದರೆ ಹತ್ತು ಯಂತ್ರ ಬರುತ್ತವೆ, ಹೆದ್ದಾರಿಯ ಪಕ್ಕದ ಹತ್ತು ಚಾವಣಿಗಳ ಮೇಲೆ ಕೂರುತ್ತವೆ, ಲಾರಿಗಳನ್ನು ಕಾಯುತ್ತವೆ, ಒಳಬೀದಿಗಳ ಬಚ್ಚಲುಗಳಲ್ಲಿ ಹೆಂಗಸರು ಬಗ್ಗಿ ಊದುತ್ತಲೇ ಇರುತ್ತಾರೆ, ಕೆಮ್ಮುತ್ತಲೇ ಇರುತ್ತಾರೆ — ಹೇಳಿದರೆ ಯಂತ್ರಗಳೇ ಬರುವುದಿಲ್ಲವೇನೋ, ನಾನು ಮತ್ತೆ ಅಪ್ಪನ ಮನೆ, ಮತ್ತೆ ಅದೇ ಕಿಟಕಿ. ಚಪ್ಪಾಳೆ, ಯಾರಿಗೆ, ಪೋರ್ಚುಗಲ್ಲಿಗಲ್ಲ, ಇನ್ನೊಬ್ಬರದೂ ಮುಗಿದಿದೆ, ನನ್ನ ಹೆಸರನ್ನು ಸುಪ್ರಿಯ ಎಂದು ಮೊಟಕು ಮಾಡಿ ಕರೆಯುತ್ತಿದ್ದಾರೆ, ಒಯೂನ್ ಮೊಣಕಾಲು ಸರಿಸಿ ದಾರಿ ಬಿಟ್ಟಳು, ಮೆಟ್ಟಿಲು, ಲ್ಯಾಪ್‌ಟಾಪಿನ ಹುಡುಗಿ ಪೆನ್‌ಡ್ರೈವ್ ಚುಚ್ಚಿ ಯಾವುದು ಮೇಡಂ ಅಂತ ಕೇಳುತ್ತಾಳೆ, ಎರಡು ಕಡತ, ಒಂದೇ ಹೆಸರು, ತುದಿಯಲ್ಲಿ ಒಂದು ಎರಡು ಎಂಬ ಅಂಕಿ ಮಾತ್ರ ಬೇರೆ, ಸರ್ ನನ್ನನ್ನೇ ನೋಡುತ್ತಿದ್ದಾರೆ, ಎರಡನೇದು, ಅಂದೆ, ಧ್ವನಿ ನನ್ನದೇ.

ಹದಿನಾರು ಸ್ಲೈಡು ಹೇಗೆ ಹೋದವೋ, ಹದಿನೇಳಕ್ಕೆ ಬಂದೆ, ಈ ಗೆರೆ ಇಳಿದದ್ದು ನಿಜ, ಕಾರಣ ನಾವು ತಿಳಿದದ್ದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಬಚ್ಚಲೊಲೆಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ, ಬಚ್ಚಲೊಲೆ ಎಂದೇ ಅಂದುಬಿಟ್ಟೆ, ನೀರಿನ ಹಂಡೆಯನ್ನು ಕೈಯಲ್ಲಿ ಗಾಳಿಯಲ್ಲೇ ಬಿಡಿಸಿ ತೋರಿಸಿದೆ, ಕನ್ನಡದವರು ಒಂದಿಷ್ಟು ಜನ ನಕ್ಕರು, ಒಳ್ಳೆಯ ನಗು, ಆಮೇಲೆ ಶುಕ್ರವಾರದ ಗುಡ್ಡ, ರಂಜಾನಿನ ಸರಿತ, ಮದುವೆಯ ನಾಲ್ಕು ದಿನ, ನಗು ನಿಂತಿತು, ಕುರ್ಚಿಗಳಲ್ಲಿ ಜನ ಮುಂದಕ್ಕೆ ಬಾಗಿದ್ದು ಕಂಡಿತು, ಆ ನಾಲ್ಕು ದಿನ ಅಳಿಸಿದ್ದು ನಾನು ಎಂದೂ ಹೇಳಿದೆ. ದೆಹಲಿಯ ಚೀಟಿಯವರೊಬ್ಬರು ಮೈಕು ಹಿಡಿದು, ಹಾಗಾದರೆ ನೀವು ಪ್ರಕಟಿಸಿದ ಎರಡು ಪ್ರಬಂಧ ತಪ್ಪೇ ಎಂದರು, ಸರ್ ಅವರ ಅಂಗಿಯ ಗೆರೆ ಅಲುಗಲಿಲ್ಲ, ಅಂಕಿ ಸರಿ, ಅರ್ಥ ತಪ್ಪು, ಅಂದೆ, ಅಂದು ಮೈಕಿನ ಕಂಬ ಹಿಡಿದುಕೊಂಡೆ. ಒಯೂನ್ ಕೈ ಎತ್ತಿದ್ದಳು, ಎಷ್ಟು ಮನೆಗಳು ಒಲೆ ಬಿಟ್ಟಾಗ ಈ ಗೆರೆ ಇಷ್ಟು ಇಳಿಯಿತು ಎಂದು ಕೇಳಿದಳು, ಒಂದು ಅಂದೆ, ಒಂದೇ ಮನೆಯೇ, ಹೌದು ಒಂದೇ ಮನೆ. ಅವಳು ಸಭೆಯ ಕಡೆ ತಿರುಗಿ ನಿಧಾನವಾಗಿ, ತನ್ನ ಊರಿನಲ್ಲಿ ಚಳಿಗಾಲಕ್ಕೆ ಮನೆಮನೆಯ ಕಲ್ಲಿದ್ದಲ ಒಲೆಗಳ ಹೊಗೆ ಊರನ್ನೇ ಮುಚ್ಚುತ್ತದೆ, ನಾವು ಯಾವಾಗಲೂ ಎಲ್ಲ ಒಲೆಗಳನ್ನು ಒಟ್ಟಿಗೆ ಅಳೆಯುತ್ತೇವೆ, ಒಂದೇ ಒಲೆ ಆರಿದರೆ ಪಕ್ಕದ ಚಾವಣಿಗೆ ಎಷ್ಟು ತಿಳಿ ಗಾಳಿ ಸಿಗುತ್ತದೆ ಎಂದು ಆರು ವರ್ಷ ಅಳೆದವರನ್ನು ತಾನು ಕಂಡಿಲ್ಲ, ಈ ಒಂದು ಕಾರಣಕ್ಕೆ ಇಷ್ಟು ದೂರ ಬಂದದ್ದು ಸಾರ್ಥಕ, ಎಂದಳು, ಆಮೇಲೆ ನನ್ನ ಕಡೆ ನೋಡಿ, ಆ ಮನೆ ನೋಡಬಹುದೇ?

ಊಟದ ತಟ್ಟೆಯ ಹುಳಿ ಆರಿಹೋಗುತ್ತಿತ್ತು, ಸರ್ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು ಕೊನೆಗೆ ನನ್ನ ಎದುರು ನಿಂತರು, ಈಗ ಬರುತ್ತದೆ ಮಾತು ಎಂದು ತುತ್ತು ಹಾಗೇ ಹಿಡಿದಿದ್ದೆ, ಆರು ವರ್ಷದಲ್ಲಿ ಆ ಚಾವಣಿ ನಾನು ಒಂದು ಸಲನೂ ಹತ್ತಿಲ್ಲ ಸುಪ್ರಿಯಾ, ಅಂದರು, ಉಂಡು ಬಾ, ಕಾರು ತರಿಸ್ತೀನಿ. ಹಿಂದಿನ ಸೀಟಿನಲ್ಲಿ ಒಯೂನ್ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಾಳೆ, ಎದುರಿನ ಲಾರಿಗಳನ್ನು ನೋಡಿ ಸರ್ ಒಮ್ಮೆ ತಾವೇ ನಕ್ಕರು, ಪಾಪ, ಇವಕ್ಕೆ ಸುಮ್ಮನೆ ಪುಣ್ಯ ಕಟ್ಟಿದ್ವಿ ನೋಡು, ಭದ್ರಾವತಿ ಬರುವಷ್ಟರಲ್ಲಿ, ಪ್ರಬಂಧ ಹಾಕಿದ ಪತ್ರಿಕೆಯವರಿಗೆ ನಾನೇ ಬರೀತೀನಿ, ತಿದ್ದುಪಡಿಯಲ್ಲಿ ನಿನ್ನ ಹೆಸರು ಮೊದಲು ಇರತ್ತೆ, ಅಂದರು, ಯಂತ್ರಗಳ ಗತಿ ಏನು ಎಂದು ನಾನು ಕೇಳುವ ಮೊದಲೇ, ಅರ್ಜಿ ಪೂರ್ತಿ ಹೊಸದಾಗಿ ಬರೀಬೇಕು, ಕೊಟ್ಟರೂ ಕೊಟ್ಟಾರು, ಎಂದು ಅವರೇ ಅಂದರು, ಹೆದ್ದಾರಿಯ ಚಾವಣಿ ಬೇಡ, ಒಳಬೀದಿಯವು. ಅಪ್ಪ ಬಾಗಿಲಲ್ಲೇ ನಿಂತಿದ್ದರು, ಮೆಟ್ಟಿಲಲ್ಲಿ ಸರ್ ಏದುಸಿರು ಬಿಟ್ಟರು, ಮೇಲೆ ಬಿಸಿಲು, ಮೋಟು ಗೋಡೆಯಾಚೆ ರೋಶನ್ ಬೀ ಚಾಚಿ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ನಮ್ಮ ಬಚ್ಚಲು ನೋಡಕ್ಕೆ ಚೀನಾದಿಂದ ಬಂದ್ರಾ ಎಂದರು, ಅಲ್ಲ ಚಾಚಿ ಇನ್ನೂ ಆಚೆ ಎಂದೆ, ಒಲೆ ಒಡೆದರೂ ಹೊಗೆ ಕೊಳವೆ ಮಾತ್ರ ಬಟ್ಟೆಯ ತಂತಿಗೆ ಕಂಬವಾಗಿ ನಿಂತಿದೆ, ಸರ್ ಗೋಡೆಯಿಂದ ಬಗ್ಗಿ, ಒಂದು ಕೈ ಯಂತ್ರದ ಮೇಲೆ ಊರಿ ಇನ್ನೊಂದನ್ನು ಚಾಚಿದರು, ಎರಡೂ ಎಟುಕಿದವು, ಒಬ್ಬ ಮನುಷ್ಯನ ಎರಡು ತೋಳಿನಷ್ಟು ದೂರ, ಅವರ ಬೆರಳು ಕೊಳವೆಯ ಬಾಯೊಳಗೆ ಹೋಗಿ ಹೊರಗೆ ಬಂತು. ಕರಿ. ಚಾಚಿ ಒರೆಸಿಕೊಳ್ಳಲು ಬಟ್ಟೆ ಕೊಡಹೋದರು, ಸರ್ ತೆಗೆದುಕೊಳ್ಳಲಿಲ್ಲ, ಬೆರಳನ್ನು ಬಿಳಿ ಅಂಗಿಗೆ ತಾಕದ ಹಾಗೆ ದೂರ ಹಿಡಿದು, ಈ ಬೀದೀಲಿ ಇನ್ನೂ ಯಾರ್ಯಾರ ಮನೇಲಿ ಒಲೆ ಇದೆಯಮ್ಮ, ಎಷ್ಟು ಹೊತ್ತಿಗೆ ಹಚ್ತಾರೆ, ಎಂದು ಕೇಳಿದರು, ಚಾಚಿ ಒಂದೊಂದೇ ಮನೆ ತೋರಿಸುತ್ತ ಹೋದರು, ಅಲ್ಲಿ ಐದಕ್ಕೆ, ಅಲ್ಲಿ ಐದೂವರೆಗೆ, ಆ ಹಸಿರು ಬಾಗಿಲಿನವರು ಏಳಕ್ಕೆ, ಒಯೂನ್ ಬರೆದುಕೊಳ್ಳುತ್ತಿದ್ದಾಳೆ, ನಾನೂ ಬರೆದುಕೊಳ್ಳಬೇಕು, ಪೆನ್ನು ಕೈಯಲ್ಲಿದೆ, ಬರೆಯಲಾಗುತ್ತಿಲ್ಲ, ಆ ಬೆರಳನ್ನೇ ನೋಡುತ್ತಿದ್ದೇನೆ, ಚಾಚಿ ತೋರಿಸಿದ ಮನೆಯ ಕಡೆಗೆಲ್ಲ ತಾನೂ ತಿರುಗುವ ಬೆರಳು, ಬಿಸಿಲಿನಲ್ಲಿ, ತುದಿಯಷ್ಟೇ ಕರಿ, ಮತ್ತೊಂದು ಮನೆಗೆ ತಿರುಗುತ್ತದೆ, ಮತ್ತೊಂದಕ್ಕೆ, ಆ ಕರಿ ಬೆರಳು —