ಗೊಂಡೆಹೂ ನುಂಗಿದ ಹಾಯಿದೋಣಿ

ನಾನು ಒಂದು ಹಾಯಿದೋಣಿ. ಬಲೆ ಎಳೆಯುವ ದೋಣಿಯಲ್ಲ, ಹೆಂಚು ಹೊರುವ ಮಂಜಿಯೂ ಅಲ್ಲ. ಗಾಳಿ ಹಿಡಿದು ಊರೂರು ತಿರುಗುತ್ತ, ನನ್ನೊಳಗೇ ಬೇಯಿಸಿ ಉಂಡು ಮಲಗುವವರಿಗಾಗಿ ಮಾಡಿದ ದೋಣಿ. ಮೂವತ್ತಮೂರು ಅಡಿ ಉದ್ದ, ಒಂದು ಕಂಬ, ಎರಡು ಹಾಯಿ. ಹೊಟ್ಟೆಯಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ನೂ ಇದೆ. ಅದನ್ನು ಹೇಳುವಾಗ ನನಗೆ ಸ್ವಲ್ಪ ನಾಚಿಕೆಯೇ. ಮುದುಕರ ಮನೆಯಲ್ಲಿ ಊರುಗೋಲು ಇದ್ದ ಹಾಗೆ ಅದು. ಇರಲಿ, ಬೇಡ ಎನ್ನುವುದಿಲ್ಲ.

ಕೊಚ್ಚಿಯ ಹಿನ್ನೀರಿನ ಬದಿಯ ಒಂದು ಶೆಡ್ಡಿನಲ್ಲಿ ನನ್ನನ್ನು ಮಾಡಿದರು. ಫೈಬರ್ ಬಟ್ಟೆಗೆ ಅಂಟು ಬಳಿದು ಪದರದ ಮೇಲೆ ಪದರ ಹಾಕಿ, ಒಣಗಿಸಿ, ಉಜ್ಜಿ ಬೆಳೆಸಿದರು. ಮೊದಲ ಯಜಮಾನ ಅಲ್ಲಿನ ಒಬ್ಬ ಆರ್ಕಿಟೆಕ್ಟು. ಒಳ್ಳೆಯ ಮನುಷ್ಯ, ಎಂಜಿನ್ ಮುಟ್ಟುತ್ತಲೇ ಇರಲಿಲ್ಲ. ಅವನ ಕಣ್ಣು ಮಂಜಾದ ಮೇಲೆ ಗೋವೆಯ ಒಂದು ಕಂಪನಿಯವರು ಕೊಂಡರು. ಅಯ್ಯೋ, ಆ ಕಾಲ ನೆನೆಸಿದರೆ ಈಗಲೂ ಮೈ ಉರಿಯುತ್ತದೆ. ಸಂಜೆಯಾದರೆ ನನ್ನ ಮೈಮೇಲೆ ಪಾರ್ಟಿಯ ಸದ್ದು, ಕುಣಿತ. ಹಾಯಿ ಬಿಚ್ಚುತ್ತಿದ್ದದ್ದು ಫೋಟೋಕ್ಕೆ ಮಾತ್ರ. ಕಂಪನಿ ಮುಚ್ಚಿತು, ನನ್ನನ್ನು ಒಂದು ಹೊಳೆಯ ಕೆಸರಿನಲ್ಲಿ ಬಿಟ್ಟು ಹೋದರು. ಎರಡು ಮಳೆಗಾಲ ಅಲ್ಲೇ ಕೊಳೆತೆ.

ಅಲ್ಲಿಂದ ನನ್ನನ್ನು ಎಬ್ಬಿಸಿದವನು ಗಂಗೊಳ್ಳಿಯ ಹೆರಿಯಣ್ಣ. ಅರವತ್ತೊಂದು ವರ್ಷ, ಹಡಗಿನ ಎಂಜಿನಿಯರಾಗಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ನನ್ನನ್ನು ನೋಡಿದವನು ಕಂಬ ನೋಡಲಿಲ್ಲ, ಹಾಯಿ ನೋಡಲಿಲ್ಲ. ಸೀದಾ ಒಳಗಿಳಿದು ಎಂಜಿನ್ನಿನ ಮುಚ್ಚಳ ತೆಗೆದು, ಅದರ ಮೈ ಸವರಿ, “ಪಾಪ, ಹ್ಯಾಂಗಿದ್ದದ್ದ್ ಹ್ಯಾಂಗಾಯ್ತ್!” ಎಂದ. ಆಗಲೇ ನನಗೆ ಗೊತ್ತಾಗಬೇಕಿತ್ತು.

ರಿಪೇರಿಯಾಗಿ ನಾನು ಗಂಗೊಳ್ಳಿಯ ಜೆಟ್ಟಿಗೆ ಬಂದು ನಿಂತೆ. ಅವನ ಹೆಂಡತಿ ಮೂಕಾಂಬು ದಡದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಅವಳ ತವರು ಮೀನುಗಾರರ ಮನೆ. ಹುಟ್ಟಿದ್ದು ಬೆಳೆದದ್ದು ಸಮುದ್ರದ ಬದಿಯಲ್ಲೇ ಆದರೂ ಐವತ್ತೇಳು ವರ್ಷದಲ್ಲಿ ಅವಳು ಒಂದು ದೋಣಿಯನ್ನೂ ಹತ್ತಿದವಳಲ್ಲ. ಅವಳ ತವರಿನಲ್ಲಿ ಹೆಂಗಸರು ದೋಣಿ ಮೆಟ್ಟುವ ಪದ್ಧತಿಯಿರಲಿಲ್ಲ.

“ಅಪ್ಪಯ್ಯ ಕಂಡಿದ್ರೆ ನನ್ ಕಾಲ್ ಮುರೀತಿದ್ರ್,” ಎಂದಳು. ಆಮೇಲೆ ಬಗ್ಗಿ ನನ್ನ ಅಂಚನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಬಲಗಾಲಿಟ್ಟು ಹತ್ತಿದಳು. ನನಗೆ ಅಷ್ಟು ಮರ್ಯಾದೆ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಅಂದಿನಿಂದ ನಾನು ಅವಳ ಕಡೆ.

ಆದರೆ ಅವಳು ನನ್ನ ಕಡೆಯಾಗಿರಲಿಲ್ಲ. ಹೆರಿಯಣ್ಣನ ಆಸೆ, ಮಳೆಗಾಲ ಬಿಟ್ಟು ಉಳಿದ ತಿಂಗಳೆಲ್ಲ ಇಬ್ಬರೂ ನನ್ನೊಳಗೇ ಇದ್ದು ಕರಾವಳಿ ಉದ್ದಕ್ಕೂ ಸುತ್ತಬೇಕು ಎಂದು. ಮನೆಯಲ್ಲಿ ಸುಮ್ಮನೆ ಕೂತರೆ ಅವನಿಗೆ ಹುಚ್ಚು ಹಿಡಿಯುತ್ತಿತ್ತು. ಹಡಗಿನ ಕಂಪನಿಯವರು ಇನ್ನೂ ಮೂರು ವರ್ಷ ಬಾ ಎಂದು ಕರೆಯುತ್ತಲೇ ಇದ್ದರು. ಮೂಕಾಂಬು ಷರತ್ತು ಹಾಕಿದಳು.

“ಎಂಟ್ ದಿನ ಇದ್ರೊಳಗಿದ್ದ್ ಕಾಂಬ, ಒಂದ್ಸಲ ಭಟ್ಕಳಕ್ಕೆ ಹೋಯ್ ಬಪ್ಪ. ನಂಗೆ ಆತ್ತಿಲ್ಲೆ ಅಂದ್ರೆ ಮತ್ತೆ ಮಾತಿಲ್ಲೆ. ದೋಣಿ ಕೊಟ್ಟ್ಬಿಡಿ. ನೀವ್ ಬೇಕಾರೆ ವಾಪಾಸ್ ಹಡಗಿಗೆ ಹೋಯ್ನಿ.”

ಕೊಳ್ಳುವವರೂ ತಯಾರಿದ್ದರು. ಯಾವುದೋ ರೆಸಾರ್ಟಿನವರು ನನ್ನ ತಳ ಕೊಯ್ದು, ಹುಲ್ಲುಹಾಸಿನ ಮೇಲೆ ಸಿಮೆಂಟಿನಲ್ಲಿ ಹುಗಿದು, ಐಸ್‌ಕ್ರೀಂ ಅಂಗಡಿ ಮಾಡುತ್ತಾರಂತೆ. ಕೇಳಿ ನನ್ನ ಕಂಬವೇ ನಡುಗಿತು. ಅವಳು ಒಂದು ‘ಇಲ್ಲೆ’ ಅಂದರೆ ನಾನು ಹುಲ್ಲಿಗೆ, ಅವನು ಹಡಗಿಗೆ, ಅವಳು ಮತ್ತೆ ಕಾಯುವುದಕ್ಕೆ.

ಆ ಎಂಟು ದಿನ ಏನು ಕೇಳುತ್ತೀರಿ! ನನ್ನೊಳಗೆ ಉದ್ದಕ್ಕೆ ನಡೆದರೆ ಹತ್ತು ಹೆಜ್ಜೆ. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಗೋಡೆಗೆ ಹಲ್ಲಿಯಾಗಬೇಕು. ಮದುವೆಯಾಗಿ ಮೂವತ್ತೆರಡು ವರ್ಷವಾಗಿದ್ದರೂ, ರಜೆಯ ತಿಂಗಳುಗಳನ್ನೆಲ್ಲ ಕೂಡಿದರೆ ಅವರು ಒಟ್ಟಿಗೆ ಇದ್ದದ್ದು ಏಳು ವರ್ಷ ತುಂಬದು. ಅವಳು ಸಾರಿಗೆ ಎಷ್ಟು ಹುಳಿ ಹಾಕುತ್ತಾಳೆಂದು ಅವನಿಗೆ ಗೊತ್ತಿಲ್ಲ. ಅವನು ಬೆಳಗಿನ ಜಾವ ನಾಲ್ಕಕ್ಕೆ ಡ್ಯೂಟಿ ಎಂದು ಎದ್ದು ಕೂರುತ್ತಾನೆಂದು ಅವಳಿಗೆ ಗೊತ್ತಿಲ್ಲ. “ಇದೆಂತ ನಿಮ್ಮ್ ಹಡಗಾ? ಮನಿಕಣಿ ಸುಮ್ನೆ,” ಎಂದು ಅವಳು ಗದರುವುದು, ಅವನು ಕೂತಲ್ಲೇ ಕಣ್ಣು ಪಿಳಿಪಿಳಿ ಮಾಡುವುದು.

ನನ್ನ ಒಲೆ ತೊಟ್ಟಿಲಿನ ಹಾಗೆ ತೂಗುತ್ತದೆ. ದೋಣಿ ಎಷ್ಟು ವಾಲಿದರೂ ಪಾತ್ರೆ ನೇರ ನಿಲ್ಲಲಿ ಎಂದು ಹಾಗೆ ಮಾಡಿದ್ದು. ಮೂಕಾಂಬು ನೋಡಿ, “ಇದ್ರ್ ಸ್ಕ್ರೂ ಹೋಯಿತ್ ಕಾಂತ್,” ಎಂದು ಹುರಿಹಗ್ಗದಿಂದ ಬಿಗಿಯಾಗಿ ಕಟ್ಟಿಬಿಟ್ಟಳು. ಮಧ್ಯಾಹ್ನ ಒಂದು ಟ್ರಾಲರು ಪಕ್ಕದಲ್ಲಿ ಹೋದದ್ದೇ ತಡ, ಬಂಗುಡೆ ಸಾರಿನ ಪಾತ್ರೆ ಇಡಿಯಾಗಿ ಅವನ ಹಾಸಿಗೆಯ ಮೇಲೆ. ಅವಳು ನಗಲಿಲ್ಲ. ತಲೆ ಹಿಡಿದು ಕೂತು, “ನಂಗ್ ಹೇಳಿದ್ದಲ್ಲ ಇದ್,” ಎಂದಳು.

ಹೊರಡುವ ದಿನ ಹೆರಿಯಣ್ಣ ಪೂಜೆ ಮಾಡಿದ. ದೋಣಿಗಲ್ಲ ಸ್ವಾಮಿ, ಎಂಜಿನ್ನಿಗೆ! ಅವನ ಆಯುಸ್ಸೆಲ್ಲ ಎಂಜಿನ್ ಕೋಣೆಯಲ್ಲಿ ಕಳೆದದ್ದು, ಅವನ ದೇವರು ಅಲ್ಲೇ ಇತ್ತು. ಅದಕ್ಕೆ ಸ್ನಾನ ಮಾಡಿಸಿ, ಅರಸಿನ ಕುಂಕುಮ ಹಚ್ಚಿ, ಮೂರು ಮೊಳ ಗೊಂಡೆಹೂವಿನ ಮಾಲೆ ಹಾಕಿ, ಅಕ್ಷತೆ ಎರಚಿದ. ಕಾಯಿಯ ಜುಟ್ಟನ್ನು ಅಲ್ಲೇ ಕಿತ್ತು ಅಲ್ಲೇ ಬಿಟ್ಟ. ಮೂಕಾಂಬು ಕೂಡ ಭಕ್ತಿಯಿಂದ ಕೈಮುಗಿದಳು. ಎಂಜಿನ್ ಶುರುವಾಗಿ ನಡುಗತೊಡಗಿದ ಮೇಲೆ ಮಾಲೆ ಕಡಿದು, ಹೂವು, ಅಕ್ಕಿ, ನಾರು ಎಲ್ಲವೂ ನಿಧಾನಕ್ಕೆ ಜಾರಿ ನನ್ನ ಹೊಟ್ಟೆಯ ತಳದ ಗುಂಡಿಗೆ ಇಳಿದವು. ಒಳಗೆ ಜಿನುಗಿದ ನೀರೆಲ್ಲ ಬಂದು ಸೇರುವುದು ಆ ಗುಂಡಿಗೇ, ಅದನ್ನು ಹೊರಗೆ ಉಗುಳುವ ಪಂಪು ಇರುವುದೂ ಅಲ್ಲೇ. ದೇವರಿಗೆ ಇಟ್ಟ ಹೂವನ್ನು ನಾನು ನುಂಗಿದೆ ಎಂದು ಇಬ್ಬರೂ ಗಮನಿಸಲಿಲ್ಲ.

ಭಟ್ಕಳಕ್ಕೆ ಹೋದೆವು. ದಾರಿಯುದ್ದಕ್ಕೂ ಎಂಜಿನ್ನೇ. ಒಳ್ಳೆಯ ಗಾಳಿ ಬಂದು ನನ್ನ ಕಂಬವನ್ನು ತಟ್ಟಿ ಕರೆದರೂ ಹಾಯಿ ಬಿಚ್ಚಲಿಲ್ಲ. ಅದು ಪಟಪಟ ಎನ್ನಬಾರದೆಂದು ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಗಿದೂ ಬಿಟ್ಟಿದ್ದ. ಮೂಕಾಂಬು ಹೋಗುವಾಗಲೂ ಮಾತಿಲ್ಲ, ಅಲ್ಲಿ ಮಲ್ಲಿಗೆ ಕೊಂಡಾಗಲೂ ಮಾತಿಲ್ಲ. ಹೌದೋ ಅಲ್ಲವೋ ಎಂದು ನಾನು, ಅವನು, ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

ಮರುದಿನ ಅವನು ಯಾವುದೋ ಫಿಲ್ಟರು ಬಿಚ್ಚಿಟ್ಟುಕೊಂಡು ಕೂತ. ಹೊರಡುವಾಗ ಮಧ್ಯಾಹ್ನವಾಯಿತು.

“ಹ್ವಾಯ್, ಹುಣ್ಣಿಮೆ ಕಳ್ದ್ ಮೂರ್ ದಿನ ಆಯ್ತ್,” ಎಂದಳು ಮೂಕಾಂಬು. “ನಾವ್ ಮುಟ್ಟೂ ಹೊತ್ತಿಗೆ ಇಳ್ತ ಜೋರ್ ಇರತ್ತ್. ಅಳಿವೆ ಕೆಟ್ಟದಾಯಿರತ್ತ್.”

“ಎಂಜಿನ್ ಇತ್ತಲೆ ಮಾರಾಯ್ತಿ, ಎಂತಕೆ ಹೆದ್ರಿಕಿ?”

ಅರ್ಧ ದಾರಿಯಲ್ಲಿ ನನಗೆ ಹೊಟ್ಟೆ ಭಾರವಾಗತೊಡಗಿತು. ನೀರಿನಡಿಯ ಪಂಖವನ್ನು ತಿರುಗಿಸುವ ದಂಡ ನನ್ನ ಮೈಯಿಂದ ಹೊರಗೆ ಹೋಗುವ ಕಡೆ ನಾಲ್ಕು ಹನಿ ನೀರು ಜಿನುಗುವುದು ವಾಡಿಕೆ. ಎರಡು ದಿನದ ಓಟಕ್ಕೆ ಅದು ಸಡಿಲಾಗಿ ಹನಿ ಹೋಗಿ ಧಾರೆಯಾಗಿತ್ತು. ಪಂಪು ಉಗುಳಬೇಕಿತ್ತು. ಅದರ ಗಂಟಲಲ್ಲಿ ಗೊಂಡೆಹೂವು, ತೆಂಗಿನ ನಾರು. ನಾನು ಹೇಗೆ ಹೇಳಲಿ? ನನಗೆ ಬಾಯಿಯಿಲ್ಲ. ಆದಷ್ಟು ಹಿಂಬದಿ ಕುಸಿದು ತೋರಿಸಿದೆ.

“ದೋಣಿ ಹಿಂದೆ ಕೂತಾಂಗೆ ಕಾಂತ್,” ಎಂದಳು, ಅವನು ಹೇಳಿಕೊಟ್ಟಂತೆ ಚುಕ್ಕಾಣಿ ಹಿಡಿದಿದ್ದ ಮೂಕಾಂಬು.

“ನಿಂಗೆ ಹಾಂಗೆ ಕಾಂಬೂದ್. ಎಂಜಿನ್ ಸದ್ದ್ ಕೇಣ್, ಎಷ್ಟ್ ಚೆಂದ ಇತ್ತ್.”

ಸಂಜೆ ನಾಲ್ಕೂವರೆಗೆ ಗಂಗೊಳ್ಳಿ ಅಳಿವೆ ಕಂಡಿತು. ಎರಡೂ ಬದಿಗೆ ಕರಿಗಲ್ಲಿನ ತಡೆಗೋಡೆ, ನಡುವೆ ಹೊಳೆ ಸಮುದ್ರ ಸೇರುವ ಬಾಯಿ. ಹೊಳೆಯ ಇಳಿತ ಹೊರಗೆ ನುಗ್ಗುತ್ತಿತ್ತು, ತೆರೆಗಳು ಒಳಗೆ ನುಗ್ಗುತ್ತಿದ್ದವು, ಎರಡೂ ಗುದ್ದಾಡಿ ಬಾಯಿ ತುಂಬ ಬಿಳಿ ನೊರೆ. ಗಾಳಿ ಹಿಂದಿನಿಂದ ದಡದ ಕಡೆಗೆ ತಳ್ಳುತ್ತಿತ್ತು. ಸರಿಯಾಗಿ ಆಗಲೇ ಎಂಜಿನ್ನು ನೀರು ಎಳೆದುಕೊಂಡು ಎರಡು ಸಲ ಕೆಮ್ಮಿ ನಿಂತಿತು.

ಹೆರಿಯಣ್ಣ ಮಾಡಿದ್ದು ಅವನು ಮೂವತ್ತನಾಲ್ಕು ವರ್ಷ ಮಾಡಿದ್ದನ್ನೇ. ಕೆಳಗೆ ಓಡಿದ. ಮುಚ್ಚಳ ತೆಗೆದರೆ ಎಂಜಿನ್ನು ಅರ್ಧ ಮುಳುಗಿದೆ, ಕುಂಕುಮ ನೀರಿನಲ್ಲಿ ಕರಗಿ ಕೆಂಪಾಗಿದೆ. ಗುಂಡಿಗೆ ಕೈಹಾಕಿ ತಡಕಾಡಿ ಹಿಡಿಹಿಡಿ ಹೂವು, ನಾರು ಎಳೆದ. ಪಂಪು ಗೊರಗೊರ ಎಂದು ನೀರು ಉಗುಳತೊಡಗಿತು. ಆದರೆ ಎಂಜಿನ್ನು ಏಳಲಿಲ್ಲ. ಅವನು ಬಿಡಲೂ ಇಲ್ಲ.

ಮೇಲೆ ಮೂಕಾಂಬು ಒಬ್ಬಳೇ. ಬಡಗಣ ಬದಿಯ ಕಲ್ಲುಗಳು ಹತ್ತಿರ ಹತ್ತಿರ ಬರುತ್ತಿದ್ದವು.

“ಮೇಲ್ ಬನ್ನಿ!”

“ಎರಡೇ ನಿಮಿಷ!”

“ಮೂವತ್ತೆರಡ್ ವರ್ಷದಿಂದ ನಿಮ್ಮ್ ಎರಡ್ ನಿಮಿಷ ಕೇಂತಾ ಇದ್ದೆ ನಾನ್! ಎಂಜಿನ್ ಸತ್ತ್ ಹೋಯ್ಲಿ, ಮೇಲ್ ಬನ್ನಿ!”

ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲಿರಬೇಕು. ಅವನು ಬಂದ. ಬಂದವನು ಕಲ್ಲು ಕಂಡು, ನೊರೆ ಕಂಡು, ಮರದ ಹಾಗೆ ನಿಂತುಬಿಟ್ಟ. ಜೀವಮಾನವೆಲ್ಲ ಸಮುದ್ರದಲ್ಲಿದ್ದ ಮನುಷ್ಯ ತೆರೆ ಮುರಿಯುವುದನ್ನು ಇಷ್ಟು ಹತ್ತಿರದಿಂದ ನೋಡಿರಲೇ ಇಲ್ಲ. ಹಡಗಿನ ತಳದಲ್ಲಿ ಕಿಟಕಿ ಎಲ್ಲಿರುತ್ತದೆ?

“ಮುಂದಿನ ಹಾಯಿ ಬಿಚ್ಚಿ.”

“ಬಿಚ್ಚಿ ಎಲ್ಲಿಗೆ? ಹೊರಗೆ ಆಳಕ್ಕೆ ಹೋಪ.”

“ಗಾಳಿ ಎದ್ರ್ ಇತ್ತ್. ನಿಮ್ಗೂ ನಂಗೂ ಹಾಯಿ ತಿರ್ಗಿಸೂಕ್ ಬತ್ತಿಲ್ಲೆ. ಕಲ್ಲಿಗೇ ಹೋಯ್ ಬೀಳೂದ್. ಒಳಗೇ ಹೋಯ್ಕ್.”

ಅವನು ಮುಂದೆ ತೆವಳಿದ. ಪ್ಲಾಸ್ಟಿಕ್ ಪಟ್ಟಿ ಎಳೆದರೂ ಬಿಚ್ಚಿಕೊಳ್ಳಲಿಲ್ಲ. ಮೂಕಾಂಬು ಕಾಲ ಬಳಿಯಿದ್ದ ಮೀನು ಕೊಯ್ಯುವ ಚೂರಿಯನ್ನು ಹಲಗೆಯ ಮೇಲೆ ಜಾರಿಸಿದಳು. ಒಂದು, ಎರಡು, ಮೂರನೆಯ ಪಟ್ಟಿಯೂ ಕಡಿಯಿತು. ಹಾಯಿ ಧಡ್ ಎಂದು ತುಂಬಿಕೊಂಡಿತು. ಆರು ವರ್ಷದ ಮೇಲೆ ನನ್ನ ಮೈಗೆ ಗಾಳಿ ಬಂತು! ಜೀವಭಯದ ನಡುವೆಯೂ ನನಗೆ ಅಳು ಬರುವಷ್ಟು ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

“ಈಗ ಹೋಪನಾ?” ಅವನು ಕೂಗಿದ.

“ಇಲ್ಲೆ. ತಡೀನಿ.”

ಅವಳು ನನ್ನನ್ನು ಕಲ್ಲಿನಿಂದ ದೂರ ಸರಿಸಿ ಅಳಿವೆಗೆ ಅಡ್ಡಲಾಗಿ ಓಡಿಸಿದಳು. ಕಣ್ಣು ಹಿಂದೆ, ತೆರೆಗಳ ಮೇಲೆ. ಅವಳ ಮನೆಯ ಹೆಂಗಸರು ದೋಣಿ ಹತ್ತಿದವರಲ್ಲ, ನಿಜ. ಆದರೆ ಅಪ್ಪ, ಅಣ್ಣ ವಾಪಸ್ ಬರುವ ಹೊತ್ತಿಗೆ ದಡದಲ್ಲಿ ನಿಂತು ಈ ಬಾಯಿಯನ್ನೇ ನೋಡಿದವರು. ಯಾವ ದೋಣಿ ದುಡುಕಿ ಮಗುಚಿತು, ಯಾವುದು ಕಾದು ಬಚಾವಾಯಿತು ಎಂದು ಅವರಿಗೆ ಬಾಯಿಪಾಠ. ಕಪ್ಪಗೆ ಕಾಣುವ ನೀರು ಆಳ, ಹಳದಿ ನೀರು ಮರಳು. ದೊಡ್ಡ ತೆರೆಗಳು ಗುಂಪಾಗಿ ಬಂದು ಹೋದ ಮೇಲೆ ಒಂದಿಷ್ಟು ಹೊತ್ತು ಸಮುದ್ರ ಉಸಿರು ಬಿಡುತ್ತದೆ.

“ಒಂದ್... ಎರಡ್... ಇನ್ನೊಂದ್ ಹೋಯ್ಲಿ...” ಮೂರನೆಯದು ನಮ್ಮನ್ನೆತ್ತಿ ಇಳಿಸಿ ಮುಂದೆ ಹೋಗಿ ಮುರಿಯಿತು. “ಈಗ!”

ತಿರುಗಿಸಿದಳು. ಕಪ್ಪು ನೀರಿನ ನಡುವೆ ನಾನು ಓಡಿದೆ. ಇನ್ನೇನು ದಾಟಿದೆವು ಎನ್ನುವಾಗ ಹಿಂದಿನಿಂದ ಲೆಕ್ಕಕ್ಕಿಲ್ಲದ ಒಂದು ತೆರೆ ಬಂದು ನನ್ನ ಹಿಂಬದಿಯನ್ನು ಎತ್ತಿತು. ಚುಕ್ಕಾಣಿ ಅವಳ ಕೈಯನ್ನು ಕಿತ್ತುಕೊಂಡು ಹೋಗುವಂತೆ ಜಗ್ಗಿತು. ಹೆರಿಯಣ್ಣ ಹಾರಿ ಬಂದು ಅದರ ಮೇಲೆ ಬಿದ್ದ. ಎರಡು ಜೋಡಿ ಕೈ, ಒಂದೇ ಕೋಲು. ನಾನು ವಾಲಿದೆ, ವಾಲಿದೆ, ಆಮೇಲೆ ಎದ್ದು ನಿಂತೆ. ಒಳಗಿನ ನೀರು ಶಾಂತವಾಗಿತ್ತು.

ನನ್ನನ್ನು ಜೆಟ್ಟಿಗೆ ಕಟ್ಟಿದರು. ಅವಳು ಸೀರೆಯ ಸೆರಗು ಹಿಂಡಿಕೊಳ್ಳುತ್ತಿದ್ದಳು. ಅವನು ತಲೆ ತಗ್ಗಿಸಿ ಹೇಳಿದ: “ತಪ್ಪ್ ನಂದೇ. ನಿನ್ನನ್ನ ಕೊಲ್ತಿದ್ದೆ ನಾನ್. ನೀನ್ ಎಂತ ಹೇಳೂದೂ ಬೇಡ. ನಾಳೆ ರೆಸಾರ್ಟಿನವ್ರಿಗೆ ಫೋನ್ ಮಾಡ್ತೆ.”

ಹುಲ್ಲು, ಸಿಮೆಂಟು, ಐಸ್‌ಕ್ರೀಂ ಎಲ್ಲ ನನ್ನ ಕಣ್ಣ ಮುಂದೆ ಬಂದವು.

“ಎಷ್ಟ್ ಹೆದ್ರಿಕಿ ಆಯ್ತ್ ಗೊತ್ತಿತ್ತಾ ನಂಗೆ?” ಎಂದಳು ಮೂಕಾಂಬು. “ಆದ್ರೆ ನಿಮ್ಮ್ ಹಡಗ್ ಎಲ್ಲೋ ತೂಫಾನಿಗೆ ಸಿಕ್ಕಿತ್ ಅಂದಾಗ, ಮನೇಲ್ ಕೂತ್ಕಂಡ್ ಮೂರ್ ದಿನ ನಾ ಹೆದ್ರಿದ್ದೆ ಅಲ್ದಾ, ಅದ್ರ್ ಕಾಲ್ ಪಾಲ್ ಇಲ್ಲೆ ಇದ್. ಇಲ್ಲಿ ಹೆದ್ರಿದ್ರೂ ಕೈಗೆ ಕೆಲ್ಸ ಇತ್ತ್. ಅಲ್ಲಿ ಎಂತ ಇತ್ತ್ ನಂಗೆ? ಫೋನ್ ಮಾತ್ರ.”

ಅವನು ತಲೆಯೆತ್ತಿದ.

“ಯಾರಿಗೂ ಫೋನ್ ಮಾಡೂದ್ ಬೇಡ. ಕಂಪನಿಯವ್ರಿಗೂ ಬೇಡ. ನೀವ್ ಹೋಪಲ್ಲಿಗೆ ನಾನೂ ಬತ್ತೆ. ಒಂದೇ ಮಾತ್, ಅಳಿವೆ ದಾಟೂ ಹೊತ್ತಿಗೆ ನೀವ್ ಕೆಳಗ್ ಹೋಪುಕಿಲ್ಲೆ. ನನ್ನ್ ಬದಿಯಲ್ಲೇ ಕೂಕಣ್ಕ್.”

ಹೆರಿಯಣ್ಣ ಮಕ್ಕಳ ಹಾಗೆ ಗಳಗಳನೆ ಅತ್ತ. ಅವಳು ಅಳಬೇಡಿ ಎನ್ನಲಿಲ್ಲ, ಒಣ ಟವೆಲು ಕೊಟ್ಟಳು.

ಆಮೇಲೆ ಒಂಬತ್ತು ವರ್ಷ ತಿರುಗಿದೆವು. ಅವರು ಹಾಯಿ ಕಲಿತರು, ನಾನು ಅವರ ಜಗಳ ಕಲಿತೆ. ಈಗ ನನ್ನ ತಳ ಸವೆದಿದೆ, ಅವನ ಮೊಣಕಾಲೂ ಸವೆದಿದೆ. ನನ್ನನ್ನು ನೀರಿನಿಂದೆತ್ತಿ ಹೊಳೆಬದಿಯ ತೆಂಗಿನ ಮರಗಳ ನಡುವೆ ಮರದ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಇನ್ನು ನಾನು ನೀರಿಗಿಳಿಯುವುದಿಲ್ಲ. ಬೇಸರವಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಸಂಜೆಯಾದರೆ ಇಬ್ಬರೂ ಏಣಿ ಹತ್ತಿ ಬರುತ್ತಾರೆ. ಗಾಳಿ ಬಡಗಣದ್ದೋ ಪಡುವಣದ್ದೋ ಎಂದು, ಎಲ್ಲಿಗೂ ಹೋಗದ ದೋಣಿಯಲ್ಲಿ ಅಕ್ಕಪಕ್ಕ ಕೂತು, ಚಹಾ ಆರುವವರೆಗೆ ಜಗಳವಾಡುತ್ತಾರೆ.